ಮೂವತ್ತೊಂಬತ್ತರ ಮುಳ್ಳು

ತಕ್ಕಡಿ ಮಾರುವವನ ಕಣ್ಣಿಗೆ ಮನುಷ್ಯರೂ ತೂಕವಾಗಿಯೇ ಕಾಣುತ್ತಾರೆ. ಅವರು ಮೊದಲ ಸಲ ನನ್ನ ಅಂಗಡಿಯ ಮೆಟ್ಟಿಲು ಹತ್ತಿದಾಗ ನಾನು ಹಾಕಿದ ಅಂದಾಜು: ಐವತ್ತೈದು ಕಿಲೋ, ಅದರಲ್ಲಿ ಎರಡು ಕಿಲೋ ಕೋಟು, ಕೊಳ್ಳುವ ಗಿರಾಕಿಯಲ್ಲ. ಕೋಟಿನ ಎಡಜೇಬು ಜೋತುಬಿದ್ದಿತ್ತು. ಅದರೊಳಗಿನಿಂದ ಇನ್ನೂರು ಗ್ರಾಮಿನ ಹಿತ್ತಾಳೆಯ ತೂಕದ ಬಟ್ಟು ತೆಗೆದು ನನ್ನ ತಕ್ಕಡಿಯ ಮೇಲಿಟ್ಟರು, ಮುಳ್ಳು ನಿಲ್ಲುವವರೆಗೆ ಉಸಿರು ಹಿಡಿದರು, ಎತ್ತಿಕೊಂಡು "ಇನ್ನೊಂದ್ಸಲ" ಎಂದು ಮತ್ತೆ ಇಟ್ಟರು. ಮನೆಗೆ ಬೀಗ ಹಾಕಿ ಹತ್ತು ಹೆಜ್ಜೆ ನಡೆದು, ಹಿಂತಿರುಗಿ ಬಂದು ಜಗ್ಗಿ ನೋಡುವ ಆ ಆಸಾಮಿಯನ್ನು ಬೀದಿಯೆಲ್ಲ 'ಇನ್ನೊಂದ್ಸಲ ಮೇಷ್ಟ್ರು' ಎಂದೇ ಕರೆಯುತ್ತಿತ್ತು.

ಪಾಠ ಹೇಳದ ಮೇಷ್ಟ್ರು. ಹನ್ನೊಂದು ವರ್ಷದ ಮಕ್ಕಳನ್ನು ಒಂದೇ ಪರೀಕ್ಷೆಯಿಂದ ಜಾಣರ ಶಾಲೆಗೆ, ಉಳಿದವರ ಶಾಲೆಗೆ ಎಂದು ಸೀಳುವ ಮಂಡಳಿಯಲ್ಲಿ, ಆ ಸೀಳು ಎಷ್ಟು ವಿಶ್ವಾಸಾರ್ಹವೆಂದು ಅಳೆಯುವುದು ಅವರ ಉದ್ಯೋಗ. ನಲವತ್ತು ಅಂಕ ಗಡಿ; ಆಚೆಗೆ ಜಾಣ, ಈಚೆಗೆ ದಡ್ಡ.

"ಯಜಮಾನ್ರೆ, ನಿಮ್ಮ ತಕ್ಕಡಿ ಮೇಲೆ ಎಷ್ಟು ಹೆಚ್ಚುಕಮ್ಮಿ ತೋರಿಸ್ಬಹುದು ಅಂತ ಬರೆದಿದೆ. ಮಕ್ಕಳ ಅಂಕಪಟ್ಟಿ ಮೇಲೆ ಎಲ್ಲಿ ಬರೆದಿದೆ, ಹೇಳಿ?"

ನನ್ನ ಮಗಳಿಗೆ ಮೂವತ್ತೊಂಬತ್ತು ಬಂದ ವರ್ಷ ಅವರು ಮರುಪರೀಕ್ಷೆಯ ಅರ್ಜಿಯನ್ನು ತಾವೇ ತಂದು ಗಲ್ಲಾಪೆಟ್ಟಿಗೆಯ ಮೇಲಿಟ್ಟರು. "ಹದಿನೈದು ದಿನ ಟೈಮಿದೆ. ಒಂದು ಸಹಿ ಹಾಕಿ ಸಾಕು."

"ಮುಳ್ಳು ನಿಂತ ಮೇಲೆ ಚೌಕಾಸಿ ಮಾಡೋದು ವ್ಯಾಪಾರಸ್ಥನ ಲಕ್ಷಣ ಅಲ್ಲ, ಮೇಷ್ಟ್ರೆ" ಎಂದೆ. ಮಾತು ಚೆನ್ನಾಗಿ ಬಂತೆಂದು ನಾನೇ ನಕ್ಕೆ. ಎರಡು ಸಲ ತೂಗದೆ ಒಂದು ತಕ್ಕಡಿಯನ್ನೂ ಹೊರಗೆ ಬಿಡದವನು ನಾನು. ಅರ್ಜಿಯನ್ನು ಮಡಚಿ ಅಲುಗಾಡುವ ಮೇಜಿನ ಕಾಲಡಿಗೆ ಕೊಟ್ಟೆ.

ಅದೇ ವರ್ಷ ಅವರು ನೂರು ಮಕ್ಕಳಿಗೆ ಸಮಾನ ತೂಕದ ಎರಡು ಪ್ರಶ್ನೆಪತ್ರಿಕೆಗಳನ್ನು ವಾರದ ಅಂತರದಲ್ಲಿ ಕೊಟ್ಟು ನೋಡಿದರು. ಇಪ್ಪತ್ತೆರಡು ಮಕ್ಕಳು ಗಡಿ ದಾಟಿ ಅತ್ತಿಂದಿತ್ತ, ಇತ್ತಿಂದತ್ತ ಆಗಿದ್ದರು. ವರದಿ ಓದಿದ ಮೇಲಧಿಕಾರಿ, "ಜನರ ನಂಬಿಕೆ ಕೆಡಿಸ್ಬೇಡ್ರಿ" ಎಂದು, ಅವರನ್ನು ಹಳೆಯ ಉತ್ತರಪತ್ರಿಕೆಗಳ ಉಗ್ರಾಣಕ್ಕೆ ಅಟ್ಟಿದ. ನಿವೃತ್ತಿಯವರೆಗೂ ಅಲ್ಲಿಯೇ ಧೂಳು ಕುಡಿದರು. ಗಡಿ ಇಂದಿಗೂ ನಲವತ್ತೇ.

ಈಗ ಅಂಗಡಿಯಲ್ಲಿ ಮುಳ್ಳು ಸರಿಮಾಡುವವಳು ನನ್ನ ಮಗಳು. ಅವಳ ಕೈ ನನ್ನ ಕೈಗಿಂತ ನಿಖರ. ಅವಳು ದಡ್ಡಿಯೆನಿಸಿಕೊಂಡದ್ದನ್ನು ಅವಳನ್ನು ಬಿಟ್ಟು ಮಿಕ್ಕವರೆಲ್ಲ ಮರೆತಿದ್ದಾರೆ. ಮೊನ್ನೆ ಮೇಷ್ಟ್ರು ಬಂದು ಬಟ್ಟು ಇಟ್ಟು "ಇನ್ನೊಂದ್ಸಲ" ಎಂದಾಗ ಅವಳು ತಲೆಯೆತ್ತದೆ ಕೇಳಿದಳು: "ನನ್ನ ಪರೀಕ್ಷೇನೂ ಇನ್ನೊಂದ್ಸಲ ಬರೀಬಹುದಿತ್ತಾ, ಸರ್?"

ಅವರು ನನ್ನತ್ತ ನೋಡಿದರು. ನಾನು ಮೇಜಿನ ಕಾಲು ನೋಡಿದೆ.

"ನಾನು ಬರೋ ಹೊತ್ತಿಗೆ ಅರ್ಜಿ ಹಾಕೋ ದಿನ ಕಳೆದುಹೋಗಿತ್ತಮ್ಮ" ಎಂದರು. ಬಟ್ಟನ್ನು ಜೇಬಿಗೆ ಹಾಕಿಕೊಂಡು ಹೊರಟರು. ಅಂದು ಮಾತ್ರ ಹಿಂತಿರುಗಿ ನೋಡಲಿಲ್ಲ.

ಅಳತೆಯ ತಪ್ಪನ್ನು ತೋರಿಸುವವರನ್ನು ಲೋಕ ಅಳತೆಯ ಶತ್ರುಗಳೆಂದೇ ಬಗೆಯುತ್ತದೆ. ಅಳತೆಗೆ ಅವರಷ್ಟು ನಿಷ್ಠರು ಬೇರೆ ಯಾರೂ ಇಲ್ಲ. ಅಂಥವರೊಬ್ಬರು ಬದುಕಿನಲ್ಲಿ ಒಂದೇ ಒಂದು ತಪ್ಪು ತೂಕ ಹೇಳಿದರು, ಅದೂ ನನ್ನ ಮಾನಕ್ಕಾಗಿ. ಆ ಸುಳ್ಳಿನ ಹಿಂದಿನ ತಪ್ಪು ನನ್ನದೆಂದು ಮಗಳ ಮುಂದೆ ನಾನು ಹೇಳಬೇಕು. ಇನ್ನೂ ಹೇಳಿಲ್ಲ.