ಎರಡು ಬೆರಳಿನ ಭಯ

ಗಿರಾಕಿಯ ಗಂಟಲ ಮೇಲೆ ಕತ್ತಿ ಆಡುತ್ತಿದ್ದಾಗಲೇ ಕ್ಷೌರಿಕನ ಬಲಗೈ ಮತ್ತೆ ಕೈಕೊಟ್ಟಿತು. ಹಿಡಿ ಸಡಿಲಾಗಿ ಅಲಗು ಕೂದಲೆಳೆಯಷ್ಟು ಜಾರಿತು. ಬಿಳಿ ನೊರೆಯಲ್ಲಿ ಕೆಂಪು ಚುಕ್ಕೆಯೊಂದು ಮೂಡಿತು.

"ಏನಪ್ಪಾ, ಗಡ್ಡ ತೆಗೀತೀಯೋ, ತಲೇನೇ ತೆಗೀತೀಯೋ?" ಕುರ್ಚಿಯಲ್ಲಿದ್ದ ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ನಕ್ಕರು. ಅವನೂ ನಕ್ಕ. ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಬಿಗಿಹಿಡಿದು ಹೇಗೋ ಕೆಲಸ ಮುಗಿಸಿದ. ಅವರು ಹೊರಟೊಡನೆ ಬಾಗಿಲೆಳೆದುಕೊಂಡು ಅದೇ ಕುರ್ಚಿಯಲ್ಲಿ ಕುಸಿದ.

ಅಮ್ಮನಿಗೂ ಕೈಯಿಂದಲೇ ಶುರುವಾಗಿತ್ತು. ಮೊದಲು ಲೋಟ ಜಾರಿತು, ಆಮೇಲೆ ಬಾಚಣಿಗೆ. ಕೊನೆಗೆ ತುತ್ತನ್ನೂ ಮಕ್ಕಳೇ ಬಾಯಿಗಿಡಬೇಕಾಯಿತು. ಕೆಲವು ವಾರಗಳಿಂದ ಅವನು ಕಣ್ಣು ಮುಚ್ಚಿದರೆ ಕಾಣುತ್ತಿದ್ದುದು ಆ ತುತ್ತೇ. ಹೆಂಡತಿ ಕೇಳಿದಾಗೆಲ್ಲ "ಏನಿಲ್ಲ ಬಿಡು" ಎಂದು ತೇಲಿಸಿಬಿಡುತ್ತಿದ್ದ. ಇಂದು ತಡೆಯಲಾಗದೆ ಅಕ್ಕನಿಗೆ ಫೋನ್ ಮಾಡಿದ.

"ಅಕ್ಕಾ, ಅಮ್ಮನ ಕಾಯಿಲೆ ನಂಗೂ ಬಂತು."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಕೈ ಹೀಗ್ ಹೀಗಾಗುತ್ತೆ."

"ಹೀಗೆ ಅಂದ್ರೆ ಹೇಗೋ? ಫೋನಲ್ಲಿ ನಿನ್ನ ಕೈ ಕಾಣುತ್ತಾ ನಂಗೆ? ಬಾಯಿಬಿಟ್ಟು ಹೇಳು."

"ಜೋಮು ಹಿಡಿಯುತ್ತೆ."

"ಇಡೀ ಕೈಗಾ?"

ಹೌದೆನ್ನಲು ಬಾಯಿ ತೆರೆದವನು ತಡೆದುಕೊಂಡ. ಹೇಳಬೇಕಾದರೆ ನೋಡಬೇಕಲ್ಲ. ಇಷ್ಟು ದಿನ ಹೆದರಿ ಆ ಕೈಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಹೆಬ್ಬೆರಳಿನಿಂದ ಒಂದೊಂದೇ ಬೆರಳನ್ನು ಸವರಿದ.

"ಕಿರುಬೆರಳು. ಅದರ ಪಕ್ಕದ್ದೂ ಅರ್ಧ. ಮಿಕ್ಕವೆಲ್ಲ ಸರಿಯಾಗೇ ಇವೆ ಕಣಕ್ಕಾ."

"ಯಾವಾಗ್ಲೂ ಹೀಗೇನಾ?"

"ಹ್ಞೂಂ... ಅಲ್ಲ. ಬೆಳಿಗ್ಗೆ ಅಂಗಡಿಗೆ ಬಂದಾಗ ಜಾಸ್ತಿ. ಸಂಜೆಗೆ ಕಮ್ಮಿಯಾಗುತ್ತೆ."

"ರಜೆ ದಿನ?"

ಹೋದ ರಜೆಯಲ್ಲಿ ಮಗಳಿಗೆ ಜಡೆ ಹೆಣೆದದ್ದು ನೆನಪಾಯಿತು. ಬೆರಳು ಒಮ್ಮೆಯೂ ತಡವರಿಸಿರಲಿಲ್ಲ. "ರಜೆ ದಿನ ಏನೂ ಆಗಲ್ಲ."

"ಅಮ್ಮನ ಕಾಯಿಲೆ ಯಾವತ್ತಾದ್ರೂ ರಜೆ ತಗೊಂಡಿತ್ತೇನೋ?" ಅಕ್ಕನ ದನಿ ನಡುಗಿತು. "ಬೆಳಿಗ್ಗೆ ಅಂಗಡಿಗೆ ಬರೋಕ್ಮುಂಚೆ ಏನ್ಮಾಡ್ತೀಯ, ಹೇಳು."

"ಏನ್ಮಾಡ್ತೀನಿ, ಬಸ್ ಹತ್ತುತ್ತೀನಿ. ಊರಾಚೆ ಮನೆ ಮಾಡಿದ್ಮೇಲೆ ದಾರಿ ಉದ್ದ. ಕಿಟಕಿ ಕಂಬಿ ಮೇಲೆ ಮೊಣಕೈ ಊರಿ, ಕೆನ್ನೆಗೆ ಕೈಕೊಟ್ಟು ನಿದ್ದೆ ಹೊಡೀತೀನಿ. ಸಂಜೆ ಸೀಟೆಲ್ಲಿ ಸಿಗುತ್ತೆ, ನಿಂತ್ಕೊಂಡೇ..."

ಮೊಣಕೈಯ ಒಳಬದಿಯನ್ನು ಒತ್ತಿದ. ಜುಮ್ಮೆಂದು ಕಿರುಬೆರಳ ತುದಿಯವರೆಗೂ ಮಿಂಚು ಹೊಡೆಯಿತು.

ಹಾಗೆಂದು ಭಯ ಒಂದೇ ಏಟಿಗೆ ಬಿಟ್ಟು ಹೋಗಲಿಲ್ಲ. ಮರುದಿನ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತಾಗಲೂ ಅವನು ಬೆರಳುಗಳನ್ನು ಒಂದೊಂದಾಗಿ ಸವರುತ್ತಲೇ ಇದ್ದ. ಆದರೂ ಡಾಕ್ಟರಿಗೆ ಅಕ್ಕನಿಗೆ ಹೇಳಿದಂತೆಯೇ ಬಿಡಿಸಿ ಹೇಳಿದ: ಯಾವ ಬೆರಳು, ಯಾವ ಹೊತ್ತು, ಯಾವ ಕಂಬಿ. ಅಮ್ಮನ ವಿಷಯವನ್ನೂ ಮುಚ್ಚಿಡಲಿಲ್ಲ. ಡಾಕ್ಟರು ಎರಡೂ ಕೈ ಎಳೆದು, ಚುಚ್ಚಿ, ಬಡಿದು ನೋಡಿದರು. ಮೊಣಕೈಯಲ್ಲಿ ನರ ಒತ್ತಿಕೊಂಡಿದೆ, ತಾಯಿಯ ಕಾಯಿಲೆಯ ಗುರುತು ಯಾವುದೂ ಇಲ್ಲ ಎಂದರು. ಸರಿಹೋಗಲು ಸಮಯ ಹಿಡಿಯುತ್ತದೆ, ಅಲ್ಲಿಯವರೆಗೆ ಕತ್ತಿ ಹಿಡಿಯಬೇಡ, ಮೊಣಕೈ ಊರಬೇಡ ಎಂದೂ ಎಚ್ಚರಿಸಿದರು.

ಆಸ್ಪತ್ರೆಯ ಮೆಟ್ಟಿಲ ಮೇಲೇ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದ. ಅವಳು ಬಿಕ್ಕಿಬಿಕ್ಕಿ ಅತ್ತಳು.

"ನಾನೂ ದಿನಾ ಎದ್ದ ತಕ್ಷಣ ಕೈ ನೋಡ್ಕೋತೀನಿ ಕಣೋ. ಅಮ್ಮ ಹೋದಾಗಿಂದ. ನಿಮ್ಮ ಭಾವನಿಗೂ ಹೇಳಿಲ್ಲ."

ಅವನು ಮೆಟ್ಟಿಲ ಮೇಲೆ ಕುಳಿತು, ಫೋನನ್ನು ಎಡಗಿವಿಗೆ ಒತ್ತಿಕೊಂಡ.

"ಏನು ನೋಡ್ಕೋತೀಯ? ಹೇಳಕ್ಕಾ."

"ಏನೂ ಆಗಿಲ್ಲ ಬಿಡೋ."

"ಏನಾಗಿಲ್ಲ, ಅದನ್ನೇ ಹೇಳು. ನಂಗೇನೂ ಅವಸರ ಇಲ್ಲ."

ಅಕ್ಕ ತನ್ನ ಹೆಬ್ಬೆರಳಿನಿಂದ ಹೇಳಲು ಶುರುಮಾಡಿದಳು.