ಹನ್ನೊಂದು ಆಯ್ಕೆಗಳ ಕೆಳಗೊಂದು ಸುರಂಗ

೧
ಈ ಕಥೆಯನ್ನು ಎಲ್ಲಿಂದ ಸುರು ಮಾಡುವುದೆಂದು ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ಬೆಟ್ಟಂಪಾಡಿಯ ಗುಡ್ಡದಿಂದಲೋ, ಪುತ್ತೂರಿನ ಆಫೀಸಿನಿಂದಲೋ? ಮೊದಲ ಡ್ರಾಫ್ಟ್ ಹೀಗಿತ್ತು: "ಎಕ್ಸ್‌ಪೋರ್ಟ್ ಬಟನ್ ಒತ್ತಿದಾಗ ಹನ್ನೊಂದು ಆಯ್ಕೆಗಳು ಕಾಣಿಸಿಕೊಂಡವು." ಓದಿದ ಹೆಂಡತಿ ಆಕಳಿಸಿದಳು. ಡ್ರಾಫ್ಟ್ ಕಸದ ಬುಟ್ಟಿ ಸೇರಿತು.

(ಆದರೆ ವಿಷಯ ಅದೇ, ಓದುಗರೇ. ಮೊಬೈಲಿನಿಂದ ಒಂದು ಫೈಲನ್ನು ಹೊರಗೆ ಕಳಿಸುವ ಕಥೆ. ಹೋಗುವವರು ಈಗಲೇ ಹೋಗಬಹುದು, ಬೇಜಾರಿಲ್ಲ.)

೨
ಉಳಿದಿರಾ? ಹಾಗಾದರೆ ಭವಿತಾಳನ್ನು ಪರಿಚಯಿಸುತ್ತೇನೆ. ಸುಳ್ಯದವಳು. ಪುತ್ತೂರಿನ ಸಣ್ಣ ಕಂಪೆನಿಯೊಂದರಲ್ಲಿ, ಜನ ತಮ್ಮ ಜಾಗದ ನಕ್ಷೆಯನ್ನು ತಾವೇ ಬಿಡಿಸಿಕೊಳ್ಳುವ ಆ್ಯಪ್ ಮಾಡುವ ಕೆಲಸ. ನಕ್ಷೆಯನ್ನು ಬೇರೆಯವರಿಗೆ ಕಳಿಸಲು ಆ ಹನ್ನೊಂದು ಆಯ್ಕೆಗಳನ್ನು ಇಟ್ಟವಳು ಅವಳೇ. ಶೇಪ್‌ಫೈಲ್, ಕೆಎಂಎಲ್, ಹೀಗೆ ಫೈಲಿನ ಇನ್ನೂ ಒಂಬತ್ತು ಬಗೆ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು, ಬೆಟ್ಟಂಪಾಡಿಯ ಸತ್ಯವತಿಯವರ ಫೋನ್ ಬರುವ ತನಕ.

ಸತ್ಯವತಿಯವರ ಮನೆಗೆ ನೀರು ಬರುವುದು ಸುರಂಗದಿಂದ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲಕ್ಕೆ, ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಕೆಂಪು ಮುರಕಲ್ಲನ್ನು ಪಿಕ್ಕಾಸಿನಲ್ಲಿ ಕಡಿದು ಮಾಡಿದ ದಾರಿ. ಅದರ ತುದಿಯಲ್ಲಿ ಒಸರುವ ನೀರು ತಾನಾಗಿ ಹರಿದು ಅಂಗಳದ ಟ್ಯಾಂಕಿಗೆ ಬೀಳುತ್ತದೆ. ಮೂರು ಮನೆಗಳಿಗೆ ಅದೊಂದೇ ನೀರು. ಗುಡ್ಡದ ಮೇಲಿನ ಜಾಗ ನೆರೆಯ ಗಿರಿಧರನದು. ಅವನು ಸೋಮವಾರ ಅಲ್ಲಿ ಬೋರ್‌ವೆಲ್ ಕೊರೆಸುವವನಿದ್ದ. ಬೋರು ಸುರಂಗಕ್ಕೆ ತಾಗಿದರೆ ನೀರು ಪಾತಾಳಕ್ಕಿಳಿದೀತು.

ಸುರಂಗ ಎಲ್ಲಿ ಹೋಗುತ್ತದೆಂದು ಫೋನಿಗೆ ಕಳಿಸಿ, ನೋಡುವ ಎಂದಿದ್ದನಂತೆ ಗಿರಿಧರ. ಸತ್ಯವತಿ ಕಳಿಸಿದ್ದರು, ಅವನ ಫೋನಿನಲ್ಲಿ ಅದು ತೆರೆಯಲಿಲ್ಲ. ಶೇಪ್‌ಫೈಲ್ ಎಂದು ಒತ್ತಿದ್ದಕ್ಕೆ ಒಂದೇ ಹೆಸರಿನ ನಾಲ್ಕು ಫೈಲುಗಳು ಬಂದಿದ್ದವು. ಒಂದೇ ನಕ್ಷೆಯ ನಾಲ್ಕು ಪ್ರತಿ ಇರಬೇಕೆಂದು ಇವರು ಒಂದನ್ನು ಕಳಿಸಿ ಉಳಿದ ಮೂರನ್ನು ಅಳಿಸಿಬಿಟ್ಟಿದ್ದರು.

(ನಾಲ್ಕೂ ಜೊತೆಗಿದ್ದರೆ ಮಾತ್ರ ನಕ್ಷೆ ಎಂದು ಎಲ್ಲಿ ಬರೆದಿತ್ತು? ಎಲ್ಲೂ ಇಲ್ಲ. ಭವಿತಾ ಬರೆದಿರಲಿಲ್ಲ.)

೩
ಅವಳನ್ನು ಕೂಡಲೇ ಕೋಡ್ ಬರೆಯಲು ಕೂರಿಸಿದೆ. ಅವಳು ಕೂರಲಿಲ್ಲ. ನಕ್ಷೆಯಲ್ಲಿ ಸುರಂಗವೆಂದು ಎಳೆದಿದ್ದ ಗೆರೆಯ ಮೇಲೆಯೇ ಅವಳಿಗೆ ಸಂಶಯ. ನನ್ನನ್ನೇ ಕೇಳಿದಳು.

"ನೆಲದೊಳಗೆ ಜಿಪಿಎಸ್ ಸಿಗುದೇ ಇಲ್ಲ ಮಾರಾಯ್ರೆ. ಮತ್ತೆ ಈ ಗೆರೆ ಹೇಗೆ ಬಂತು? ನೀವು ಸುಮ್ಮನೆ ಬರೆದದ್ದಾ?"

ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಅವಳನ್ನು ಬೆಟ್ಟಂಪಾಡಿಯ ಬಸ್ಸು ಹತ್ತಿಸಿ, ಬೆನ್ನ ಹಿಂದೆಯೇ ನಾನೂ ಹೋದೆ.

೪
(ಇಲ್ಲಿ ತಮಾಷೆ ಮಾಡಬೇಕೆಂದಿದ್ದೆ. ಆಗಲಿಲ್ಲ.)

ಗೆರೆ ಬಂದ ಬಗೆಯನ್ನು ಅವರು ಮಾಡಿಯೇ ತೋರಿಸಿದರು. ಸತ್ಯವತಿಯವರ ಗಂಡ ಮಹಾಲಿಂಗ ಪಿಕ್ಕಾಸು ಹಿಡಿದು ಸುರಂಗದೊಳಗೆ ಹೋದರು. ಹೆಂಗಸರಿಬ್ಬರೂ ಗುಡ್ಡ ಹತ್ತಿದರು. ಸತ್ಯವತಿ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಮಲಗಿ ಕಿವಿ ಹಚ್ಚಿದರು, ಸ್ವಲ್ಪ ಎಡಕ್ಕೆ ಸರಿದರು, ಮತ್ತೆ ಕಿವಿ ಹಚ್ಚಿದರು. ಆಮೇಲೆ ಭವಿತಾಳನ್ನು ಪಕ್ಕದಲ್ಲಿ ಮಲಗಲು ಹೇಳಿದರು.

ಮೊದಲು ಅವಳಿಗೆ ಕೇಳಿಸಿದ್ದು ತನ್ನದೇ ಎದೆಬಡಿತ. ಉಸಿರು ಬಿಗಿ ಹಿಡಿದಳು. ಆಗ ಕೆಳಗೆ, ತುಂಬ ಕೆಳಗೆ, ಟಕ್. ಮೂರು ಸಲ. ಒಂದು ಗುಡ್ಡ ಒಳಗಿನಿಂದ ತನ್ನ ಕಿವಿಗೆ ಬಡಿಯುತ್ತಿದೆ ಎನ್ನಿಸಿತು ಅವಳಿಗೆ. ಸತ್ಯವತಿ ಎದ್ದು ಆ ಜಾಗದಲ್ಲಿ ಫೋನ್ ಹಿಡಿದು ಒಂದು ಚುಕ್ಕೆ ಒತ್ತಿದರು. ಮಹಾಲಿಂಗ ಒಳಗೆ ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ಕುಟ್ಟಿದರು. ಮೊದಲ ಸಲ ಹೀಗೆಯೇ ಎರಡು ದಿನ, ನೂರ ನಲ್ವತ್ತು ಹೆಜ್ಜೆ ಕುಟ್ಟಿದ್ದರಂತೆ. ಉಪಗ್ರಹಕ್ಕೆ ಕಾಣದ್ದನ್ನು ಈ ಗಂಡಹೆಂಡತಿ ಕೇಳಿ ಅಳೆದಿದ್ದರು. ಅದನ್ನು ಕಳಿಸಲಾಗದಂತೆ ಮಾಡಿದವಳು ತಾನು ಎಂದು ಭವಿತಾಳಿಗೆ ನಾಚಿಕೆಯಾಯಿತು.

ಯಾವ ಆಯ್ಕೆ ಕಷ್ಟವಾಯಿತು ಎಂದು ಮೆಲ್ಲಗೆ ಕೇಳಿದಳು.

"ನಿನ್ನ ಹನ್ನೊಂದು ಹೆಸರು ಕಟ್ಟಿಕೊಂಡು ನನಗೆಂತ ಮಾರಾಯ್ತಿ? ಯಾರಿಗೆ ಕೊಡುದು ಅಂತ ಕೇಳಿದ್ರೆ ನಾನು ಹೇಳ್ತಿದ್ದೆ."

೫
ಭಾನುವಾರ ಮಧ್ಯಾಹ್ನದ ಹೊತ್ತಿಗೆ, ಸತ್ಯವತಿಯವರ ಮನೆಯ ಜಗಲಿಯಲ್ಲಿ, ಭವಿತಾ ಹನ್ನೊಂದನ್ನೂ ಹಿಂದಕ್ಕೆ ಸರಿಸಿ ಒಂದು ಪ್ರಶ್ನೆ ಇಟ್ಟಳು: ಯಾರಿಗೆ ಕೊಡುವುದು? ಕೆಳಗೆ ಮೂರೇ ಉತ್ತರ. ಫೋನಿನಲ್ಲಿ ನೋಡುವವರಿಗೆ, ಸರ್ವೆಯವರಿಗೆ, ಪ್ರಿಂಟ್ ತೆಗೆಯುವವರಿಗೆ. ಉಳಿದ ತಲೆಬಿಸಿ ಆ್ಯಪಿನದು. ಮೊದಲನೆಯದನ್ನು ಒತ್ತಿ ನೋಡಿದಳು. ನಕ್ಷೆ ತಟ್ಟನೆ ತೆರೆದುಕೊಂಡಿತು. ಗುಡ್ಡ, ಗುಡ್ಡದ ಅಡಿಯ ನೀಲಿ ಗೆರೆ, ಗೆರೆಯ ತುದಿಯಲ್ಲಿ ನೀರಿನ ಮೂಲ.

ಅದನ್ನು ನೋಡಿದವಳು ಕಳಿಸದೆ ಫೋನನ್ನು ಸತ್ಯವತಿಯವರ ಕಡೆ ತಿರುಗಿಸಿದಳು. ನೀರಿನ ಮೂಲ ಇದ್ದದ್ದು ಸರಿಯಾಗಿ ಗಿರಿಧರನ ಜಾಗದ ಅಡಿಯಲ್ಲಿ.

"ಸತ್ಯಕ್ಕ, ಇದನ್ನು ಕಳಿಸಿದ್ರೆ ನೀರು ಎಲ್ಲಿ ಉಂಟು ಅಂತ ನಾವೇ ತೋರಿಸಿಕೊಟ್ಟ ಹಾಗೆ ಆಗ್ತದೆ. ಬೋರು ಬೇಕಾದವರಿಗೆ."

"ಗೊತ್ತುಂಟು," ಎಂದರು ಸತ್ಯವತಿ. "ಕಾಣದಿದ್ರೆ ಅವ ಗೊತ್ತಿಲ್ಲದೆ ಕೊರೀತಾನೆ. ಕಂಡ ಮೇಲೆ ಗೊತ್ತಿದ್ದೇ ಕೊರೀಬೇಕು. ಅದು ಅಷ್ಟು ಸುಲಭ ಅಲ್ಲ."

ಫೋನ್ ತೆಗೆದುಕೊಂಡು ತಾವೇ ಒತ್ತಿದರು.

೬ ಅ
ಗಿರಿಧರ ಬೋರಿನ ಜಾಗ ಬದಲಿಸಿದ, ಎಲ್ಲರೂ ಕಾಫಿ ಕುಡಿದರು. (ಭವಿತಾ ನಕ್ಕಳು. ಅಳಿಸಿದೆ.)

೬ ಆ
ಗಿರಿಧರ ನೀರಿನ ಮೂಲಕ್ಕೇ ಗುರಿಯಿಟ್ಟು ಕೊರೆಸಿದ. (ಮಹಾಲಿಂಗ ನನ್ನ ಹತ್ತಿರ ಮಾತು ಬಿಟ್ಟರು. ಅಳಿಸಿದೆ.)

೬ ಇ
ಬೋರ್‌ವೆಲ್ ಲಾರಿ ಉಪ್ಪಿನಂಗಡಿಯಲ್ಲೇ ಕೆಟ್ಟು ನಿಂತಿತು. (ಇದು ನನ್ನ ಪುಕ್ಕಲುತನ. ನಾನೇ ಅಳಿಸಿದೆ.)

೬
ಸೋಮವಾರ, ಒಂಬತ್ತೂವರೆ. ಲಾರಿ ಗುಡ್ಡದ ಮೇಲೆ ಬಂದು ನಿಂತಿದೆ. ಎಲ್ಲಿ ಕೊರೆಯುವುದೆಂದು ಡ್ರೈವರ್ ಎರಡು ಸಲ ಕೇಳಿಯಾಯಿತು. ಗಿರಿಧರ ಫೋನಿನಿಂದ ತಲೆ ಎತ್ತಿಲ್ಲ. ಎರಡು ಬೆರಳಿನಲ್ಲಿ ನಕ್ಷೆಯನ್ನು ಅಗಲ ಮಾಡುತ್ತಾನೆ, ಇನ್ನೂ ಅಗಲ ಮಾಡುತ್ತಾನೆ. ಅವನಿಗೀಗ ಎಲ್ಲವೂ ಕಾಣುತ್ತಿದೆ. ಬೇಲಿಯಾಚೆ ಸತ್ಯವತಿ, ಮಹಾಲಿಂಗ, ಭವಿತಾ ನಿಂತಿದ್ದಾರೆ.

ಅವನು ಬಾಯಿ ತೆರೆದ. ನಾನು ಆತುರದಿಂದ ಒಂದು ಒಳ್ಳೆಯ ಮಾತು ಹುಡುಕಿದೆ, ಅವನ ಬಾಯಿಗೆ ಇಡೋಣವೆಂದು. ಸತ್ಯವತಿ ನನ್ನ ಕಡೆ ತಿರುಗಿದರು.

"ನೀವು ಹೇಳಿಕೊಡ್ಬೇಡಿ," ಎಂದರು. "ಅವನೇ ಹೇಳ್ಲಿ."