ಹೆಸರಿಡುವ ಮೊದಲು ಬಂದ ನೀರು

ಎಮರ್ಜೆನ್ಸಿ ಬಂದ ವರ್ಷವೋ ಅದರ ಮುಂದಿನ ವರ್ಷವೋ, ಸರಿಯಾಗಿ ಹೇಳಲಾರೆ. ಆಗ ನಾನು ನಾಯಂಡಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದೆ. ಊಟ, ವಾಸ ಎಲ್ಲ ಮಲ್ಲತ್ತಹಳ್ಳಿ ಕೆರೆಯ ಕೆಳಗೆ, ನನ್ನ ಅಕ್ಕ ಕಲ್ಯಾಣಮ್ಮನ ಮನೆಯಲ್ಲಿ.

ಭಾವ ಶಂಭುಲಿಂಗಪ್ಪ ಹರಿಹರದ ಕಡೆಯವರು. ಅವರು ಚಿಕ್ಕವರಿದ್ದಾಗ ಹೊಳೆ ಊರೊಳಗೆ ನುಗ್ಗಿತ್ತಂತೆ. ಎಲ್ಲರೂ ದಿಬ್ಬ ಹತ್ತಿದ ಮೇಲೆ ಅವರ ತಾಯಿ, ತಾಮ್ರದ ಹಂಡೆ ಉಳಿಯಿತಲ್ಲ ಎಂದು ಒಬ್ಬರೇ ವಾಪಸು ಇಳಿದರು. ಮತ್ತೆ ಹತ್ತಲಿಲ್ಲ. ಆ ಮನುಷ್ಯನಿಗೆ ಕೊನೆಗೆ ಸೈಟು ಸಿಕ್ಕಿದ್ದು ಕೆರೆ ಏರಿಯ ಕೆಳಗೆ! ಗೃಹಪ್ರವೇಶವಾದ ದಿನದಿಂದ ಭಾವ ಏರಿಯ ಕಡೆಗೇ ಕಣ್ಣಿಟ್ಟು ಕೂತರು.

ಅವರದೊಂದು ಕಟ್ಟಳೆ ಇತ್ತು. ಏರಿಯ ಮೇಲೆ ಅಪಾಯದ ತಮಟೆ ಕೇಳಿದರೆ ಅಕ್ಕ ಬಾಗಿಲ ಪಕ್ಕವೇ ಇಟ್ಟ ಅವಲಕ್ಕಿ ಬೆಲ್ಲದ ಡಬ್ಬಿ ಎತ್ತಿಕೊಂಡು, ಬಾಗಿಲಿಗೆ ಬೀಗ ಹಾಕಿ, ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಟ್ರಂಕು ನನ್ನದು. ಲಾಟೀನು, ಹಗ್ಗ ಭಾವನದು. ದಿಣ್ಣೆಯ ಮೇಲಿನ ಸ್ಕೂಲಿಗೆ ಹೋಗಿ ನಿಲ್ಲಬೇಕು. ಅಲ್ಲಿ ಭಾವ ಒಬ್ಬೊಬ್ಬರ ಹೆಸರು ಕೂಗುತ್ತಾರೆ, ಕೂಗಿಸಿಕೊಂಡವರು "ಇದೀನಿ" ಅನ್ನಬೇಕು. ಒಂದು ಸಲ ಹತ್ತಿದವರು ಏನೇ ಮರೆತಿದ್ದರೂ ಕೆಳಗಿಳಿಯಕೂಡದು. ಇದನ್ನು ಬಾಯಲ್ಲಿ ಹೇಳಿದ್ದು ಸಾಲದು ಎಂದು ಆಗಾಗ ಭಾನುವಾರ ಎಲ್ಲರನ್ನೂ ಓಡಿಸುತ್ತಿದ್ದರು.

ಪಕ್ಕದ ಮನೆಯ ಯಶೋದಮ್ಮ ಒಂಟಿ ಹೆಂಗಸು. ಅವರನ್ನೂ ಭಾವ ಈ ಓಟಕ್ಕೆ ಸೇರಿಸಿಕೊಂಡಿದ್ದರು.

"ಮಟಮಟ ಮಧ್ಯಾಹ್ನ ಲಾಟೀನು ಹಿಡ್ಕೊಂಡು ಓಡ್ತೀರಲ್ಲ ಶಂಭುಲಿಂಗಪ್ಪನೋರೆ! ಪೋಲೀಸ್ನೋರು ಅಟ್ಟಿಸ್ಕೊಂಡು ಬಂದ್ರು ಅಂದ್ಕೊಂತಾರೆ ಜನ."

"ಅಂದ್ಕೊಳ್ಲಿ ಬಿಡಿ. ನೀವು ಬಾಯಿಗಿಂತ ಕಾಲು ಬೇಗ ಎತ್ತಿ."

ಆ ವರ್ಷ ಅಕ್ಕನ ಮಗಳು ಜಯದೇವಿ ಚೊಚ್ಚಲ ಹೆರಿಗೆಗೆ ಬಂದಳು. ಹೆಣ್ಣುಕೂಸು ಹುಟ್ಟಿತು. ಕೂಸಿಗೆ ಹೆಸರು ಕೂಗಬೇಕಾದವಳು ಸೋದರತ್ತೆ, ಅಂದರೆ ಜಯದೇವಿಯ ಗಂಡನ ಅಕ್ಕ. ಅವಳು ಚಿತ್ರದುರ್ಗದ ಕಡೆಯಿಂದ ಬರಬೇಕಿತ್ತು. ಮಳೆ ಹಿಡಿದು ಪ್ರಯಾಣ ಮುಂದೆ ಹೋಯಿತು. ಹೆಸರಿಡದೆ ತೊಟ್ಟಿಲಿಗೆ ಹಾಕುವಂತಿಲ್ಲವಲ್ಲ, ಕೂಸು ಹಳೆ ಸೀರೆ ಹಾಸಿದ ಮೊರದಲ್ಲೇ ಮಲಗುತ್ತಿತ್ತು. ಒಬ್ಬರು ಪುಟ್ಟಿ ಅನ್ನುವರು, ಒಬ್ಬರು ಬಂಗಾರಿ ಅನ್ನುವರು. ಭಾವ ಮಾತ್ರ ಏನೂ ಅನ್ನುತ್ತಿರಲಿಲ್ಲ. ಸೋದರತ್ತೆ ಕೂಗುವ ಮೊದಲು ನಾವು ಏನಾದರೊಂದು ಕರೆದು ಅದೇ ನಿಂತುಬಿಟ್ಟರೆ ಬೀಗರಿಗೆ ಅವಮಾನ ಎಂಬುದು ಅವರ ಯೋಚನೆ.

ಮಳೆ ಬಿಡಲೇ ಇಲ್ಲ. ವರ್ಕ್‌ಶಾಪಿಗೂ ನೀರು ನುಗ್ಗಿ, ನಾನು ಮನೆಯಲ್ಲೇ ಇದ್ದೆ. ಅವತ್ತು ನಮ್ಮ ಊಟವಾದ ಮೇಲೆ ಕೂಸಿಗೆ ನೀರು ಹಾಕುವ ಅಕ್ಕಯ್ಯಮ್ಮ ಬಂದು ಎರೆದು, ಸಾಂಬ್ರಾಣಿ ಹಾಕಿ, "ಆ ರೂಮು ಥಂಡಿ ಕಣಮ್ಮ, ಇಲ್ಲಿ ಬೆಚ್ಚಗಿರುತ್ತೆ" ಎಂದು ಅಡಿಗೆಮನೆಯ ಕಟ್ಟೆಯ ಮೇಲೆ, ಒಲೆಯ ಪಕ್ಕ ಮೊರ ಇಟ್ಟು ಹೋದಳು. ಹೇಳಿದ್ದು ಅಕ್ಕನಿಗೆ. ಅಕ್ಕ ಆಗ ಹಿತ್ತಲಲ್ಲಿ ಸೌದೆ ಮುಚ್ಚುತ್ತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ, ಅವಳಿಗೇ ಆಮೇಲೆ ನೆನಪಾಗಲಿಲ್ಲ. ಜಯದೇವಿ ಎಣ್ಣೆನೀರಾಗಿ, ಕಿವಿಗೆ ಹತ್ತಿ ತುರುಕಿಕೊಂಡು, ತಲೆಗೆ ಬಟ್ಟೆ ಸುತ್ತಿ ರೂಮಿನಲ್ಲಿ ನಿದ್ದೆ ಹೋಗಿದ್ದಳು.

ಸ್ವಲ್ಪ ಹೊತ್ತಿಗೆ ತಮಟೆ ಕೇಳಿತು.

ಎಷ್ಟೋ ಸಲ ಓಡಿದ ಓಟ ಅದು. ಕಾಲುಗಳಿಗೇ ಗೊತ್ತಿತ್ತು. ಟ್ರಂಕು ಹೆಗಲಿಗೇರಿತು, ಡಬ್ಬಿ ಅಕ್ಕನ ಕಂಕುಳಿಗೆ ಹೋಯಿತು. ಭಾವ ಜಯದೇವಿಯನ್ನು ಎಬ್ಬಿಸಿ, "ನೀನು ಸುಮ್ನೆ ನಡಿಯಮ್ಮ, ಎಲ್ಲಾನೂ ನಾವು ತಗೊಂಡಿದೀವಿ" ಎಂದು ಕಂಬಳಿ ಹೊದಿಸಿ ಕೈಹಿಡಿದು ನಡೆಸಿದರು. ಅಕ್ಕ ಬೀಗ ಹಾಕಿದಳು. ರಸ್ತೆಯಲ್ಲಿ ಆಗಲೇ ಕೆಮ್ಮಣ್ಣಿನ ನೀರು ಹರಿಯುತ್ತಿತ್ತು. ಒಬ್ಬ ಏರಿ ಒಡೆಯಿತು ಅಂದ, ಇನ್ನೊಬ್ಬ ಕೆರೆ ತುಂಬಿ ಕೋಡಿ ಬಿದ್ದಿದೆ ಅಷ್ಟೇ ಅಂದ. ಯಾರ ಮಾತು ನಂಬುವುದೋ ತಿಳಿಯದೆ ಎಲ್ಲರೂ ದಿಣ್ಣೆ ಹತ್ತಿದೆವು.

ಸ್ಕೂಲಿನ ಹಜಾರ ಜನರಿಂದ, ಆಡುಗಳಿಂದ ತುಂಬಿತ್ತು. ಭಾವ ಲಾಟೀನು ಕೆಳಗಿಟ್ಟು ಕೂಗಿದರು.

"ಕಲ್ಯಾಣಿ?"

"ಇದೀನ್ರೀ."

"ಜಯದೇವಿ?"

"ಇದೀನಪ್ಪ."

"ಕರಿಬಸಪ್ಪ?"

"ಇದೀನಿ ಭಾವ."

"ಯಶೋದಮ್ಮನೋರು?"

"ಎಲ್ಲಿ ಹೋಗ್ಲಿ ಸ್ವಾಮಿ, ನಿಮ್ಮ ಪಕ್ಕದಲ್ಲೇ ಇದೀನಿ!"

ಎಲ್ಲರೂ ಇದ್ದೆವು. ಭಾವ ಗೋಡೆಗೊರಗಿ ಉಸಿರು ಬಿಟ್ಟರು. ಅಷ್ಟು ನೆಮ್ಮದಿ ಆ ಮುಖದಲ್ಲಿ ನಾನು ಕಂಡಿರಲಿಲ್ಲ.

ಜಯದೇವಿ ಕಿವಿಯ ಹತ್ತಿ ತೆಗೆದು, "ಅಮ್ಮ, ಕೂಸು ಕೊಡು. ಎದೆ ಬಿಗೀತಾ ಇದೆ" ಅಂದಳು.

"ನಿನ್ನ ಹತ್ರ ಇದೆಯಲ್ಲೇ?"

"ನನ್ನ ಹತ್ರ ಎಲ್ಲಿ? ಎಲ್ಲಾನೂ ತಗೊಂಡಿದೀವಿ ಅಂದ್ರಲ್ಲ ಅಪ್ಪ."

ಭಾವ ನನ್ನ ಕಡೆ ನೋಡಿದರು. ನಾನು ಟ್ರಂಕಿನ ಕಡೆ ನೋಡಿದೆ, ಅದರೊಳಗೆ ಇರಬಹುದೇನೋ ಅನ್ನುವ ಹಾಗೆ. ಅಕ್ಕ ಜಯದೇವಿಯ ಕಂಬಳಿ ಎಳೆದು ಒದರಿದಳು. ಯಶೋದಮ್ಮ, "ಅಕ್ಕಯ್ಯಮ್ಮ ಎತ್ಕೊಂಡು ಹೋಗಿರ್ತಾಳೆ ಕಣ್ರೀ" ಅಂದರು. ಮೂಲೆಯಲ್ಲಿ ಒಂದು ಗಂಟು ಮಿಸುಕಿತು. ಅಕ್ಕ ಹೋಗಿ ಬಿಚ್ಚಿದರೆ ಯಾರದೋ ಕೋಳಿ. ಕೋಳಿಯ ಯಜಮಾನಿ ಬೈಯತೊಡಗಿದಳು. ಅಷ್ಟರಲ್ಲಿ ಅಕ್ಕಯ್ಯಮ್ಮನೇ ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಾಗಿಲಿಗೆ ಬಂದಳು. ಅವಳ ಕೈಯಲ್ಲೂ ಕೂಸಿಲ್ಲ.

"ಒಲೆ ಪಕ್ಕ ಇಟ್ಟಿದೀನಿ ಅಂದ್ನಲ್ಲಮ್ಮ!"

ಜಯದೇವಿಯ ಬಾಯಿಂದ ಹೊರಟ ಸದ್ದು ನನಗೆ ಇಂದಿಗೂ ಕಿವಿಯಲ್ಲಿದೆ. ಅವಳನ್ನು ಇಬ್ಬರು ಹೆಂಗಸರು ಅವುಚಿ ಹಿಡಿದರು. ಭಾವ ಎದ್ದರು, ದಿಣ್ಣೆ ಇಳಿದರು. ನಾನೂ ಹಿಂದೆಯೇ ಓಡಿದೆ.

ಕೆಳಗೆ ರಸ್ತೆ ಯಾವುದು, ಮೋರಿ ಯಾವುದು ಗೊತ್ತಾಗುತ್ತಿರಲಿಲ್ಲ. ನೀರು ತೊಡೆಗೆ ಬಂತು. ಭಾವ ಒಂದೇ ಸಮನೆ ಗೊಣಗುತ್ತಿದ್ದರು: "ಎಲ್ಲಾರೂ ಇದೀನಿ ಅಂದ್ರಲ್ಲ ಕರಿಬಸಪ್ಪ, ಎಲ್ಲಾರೂ ಅಂದ್ರಲ್ಲ." ಮನೆ ಮುಟ್ಟಿದಾಗ ಬಾಗಿಲಲ್ಲಿ ಬೀಗ ನೇತಾಡುತ್ತಿತ್ತು. ಬೀಗದಕೈ ದಿಣ್ಣೆಯ ಮೇಲೆ ಅಕ್ಕನ ಸೊಂಟದಲ್ಲಿ. ಗಟ್ಟಿ ಹಿತ್ತಾಳೆ ಬೀಗ, ಕದವೂ ಗಟ್ಟಿ. ಹೊಳೆಯ ನೀರಿಗೂ ಮುರಿಯಬಾರದೆಂದು ಭಾವನೇ ಮಾಡಿಸಿದ್ದು.

ಹಿತ್ತಲ ಬಾಗಿಲಿಗೆ ಒಳಗಿಂದ ಅಗುಳಿ. ಅಡಿಗೆಮನೆಯ ಕಿಟಕಿಗೆ ಸುತ್ತಿಹೋದೆವು. ಕಬ್ಬಿಣದ ಸರಳಿನಾಚೆ, ಕಟ್ಟೆಯ ಮೇಲೆ ಮೊರ ಇತ್ತು. ಮೊರದಲ್ಲಿ ಕೂಸು ಮುಷ್ಟಿ ಬಿಗಿದು ನಿದ್ದೆ ಮಾಡುತ್ತಿತ್ತು. ನೀರು ಆಗಲೇ ಕಟ್ಟೆ ಏರಿ ಮೊರದ ಅಡಿಗೆ ಬಂದಿತ್ತು. ನೋಡುತ್ತಿದ್ದ ಹಾಗೆ ಮೊರ ಸಣ್ಣಗೆ ಅಲುಗಿ ಅಂಚಿನ ಕಡೆ ಜರುಗಿತು.

ಭಾವ ಸರಳಿನೊಳಗೆ ತೋಳು ತೂರಿಸಿದರು. ಮೊಣಕೈಯಲ್ಲಿ ಸಿಕ್ಕಿಕೊಂಡಿತು. ಚರ್ಮ ಸುಲಿದರೂ ಬಿಡದೆ ನೂಕಿದರು. ಎರಡು ಬೆರಳಿಗೆ ಮೊರದ ಅಂಚು ಸಿಕ್ಕಿತು.

"ಹಿಡ್ಕೊಂಡಿದೀನಿ. ಎಳ್ಕೊಳಕ್ಕಾಗಲ್ಲ. ನೀನು ಮೇಲೆ ಹತ್ತು."

ನಾನು ಗೋಡೆ ಹತ್ತಿ, ಹೆಂಚು ಕಿತ್ತು, ರೀಪು ಮುರಿದೆ. ಕೆಳಗೆ ಭಾವ ಕೂಸಿನ ಜೊತೆ ಮಾತಾಡುತ್ತಿದ್ದುದು ಕೇಳುತ್ತಿತ್ತು. "ಏ... ಏನಂತ ಕರೀಲಮ್ಮ ನಿನ್ನ... ಏ, ಇಲ್ಲೇ ಇದೀನಿ, ಇದೀನಿ." ಹೆಂಚಿನ ಪುಡಿ ಬಿದ್ದು ಕೂಸು ಎದ್ದು ಕಿರುಚಿತು. ಅದು ಕಿರುಚಿದಷ್ಟೂ ನನಗೆ ಧೈರ್ಯ ಬಂತು. ಧುಮುಕಿದೆ, ನೀರು ಸೊಂಟದ ಮೇಲಿತ್ತು. ಕೂಸನ್ನು ಮೊರದ ಸಮೇತ ಎತ್ತಿದೆ. ಭಾವ ಬೆರಳು ಬಿಡಲಿಲ್ಲ.

"ಭಾವ, ಬಿಡಿ. ನನ್ನ ಕೈಗೆ ಬಂತು."

"ಬಂತಾ?"

"ಬಂತು. ಬಿಡಿ."

ಮೂರು ಸಲ ಹೇಳಬೇಕಾಯಿತು. ಆಮೇಲೆ ನಾನು ಹಿತ್ತಲ ಬಾಗಿಲ ಅಗುಳಿ ತೆಗೆದು ಮೊರ ತಲೆಯ ಮೇಲಿಟ್ಟುಕೊಂಡು ಹೊರಬಂದೆ.

ಸ್ಕೂಲಿನಲ್ಲಿ ಜಯದೇವಿ ಕೂಸನ್ನು ಕಿತ್ತುಕೊಂಡು ಗೋಡೆಗೆ ಮುಖ ಮಾಡಿ ಹಾಲೂಡಿಸಿದಳು. ಅಕ್ಕ ಕೈ ಚಾಚಿದರೆ ಕೊಡಲಿಲ್ಲ. ಯಾರಿಗೂ ಕೊಡಲಿಲ್ಲ. ಕೆರೆ ನೋಡಿಕೊಳ್ಳುವ ನೀರುಗಂಟಿ ಚಿಕ್ಕಮುನಿಯಪ್ಪ ನೆನೆದು ಮುದ್ದೆಯಾಗಿ ಬಂದ. ಜನ ಮುತ್ತಿಕೊಂಡರು, ಏರಿ ಒಡೆಯಿತೇನೋ ಎಂದು.

"ನಂಗೂ ಅದೇ ಗೊತ್ತಾಗ್ತಿಲ್ಲ ಸ್ವಾಮಿ. ತಮಟೆ ನಾನು ಬಡೀಲಿಲ್ಲ, ನಮ್ಮ ಭಾಮೈದ ಬಡ್ದ. ಯಾಕೋ ಬಡ್ದೆ ಅಂತ ಕೇಳಾಣ ಅಂದ್ರೆ ಅವ್ನೇ ಕಾಣ್ತಿಲ್ಲ."

ಭಾವ ಯಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಸುಲಿದ ತೋಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹೊತ್ತು ಮುಳುಗುತ್ತಾ ಬಂದಾಗ ಅಭ್ಯಾಸದಂತೆ ಎದ್ದು ನಿಂತು "ಕಲ್ಯಾಣಿ?" ಅಂದರು.

"ಕೂಗಬೇಡಿ ಅಪ್ಪ," ಜಯದೇವಿ ತಿರುಗದೆಯೇ ಅಂದಳು. "ಹೆಸರು ಹಿಡಿದು ಕೂಗಬೇಡಿ. ಮುಟ್ಟಿ ಎಣಿಸಿ."

ಭಾವ ಅಕ್ಕನ ತಲೆ ಮುಟ್ಟಿದರು, ನನ್ನ ತಲೆ ಮುಟ್ಟಿದರು. ಯಶೋದಮ್ಮ ಈ ಸಲ ಏನೂ ಆಡಿಕೊಳ್ಳದೆ ತಲೆ ಬಗ್ಗಿಸಿದರು. ಜಯದೇವಿಯ ತಲೆ, ಅವಳ ಮಡಿಲಲ್ಲಿ ಕೂಸಿನ ನೆತ್ತಿ. ಅಲ್ಲಿ ಕೈ ತುಂಬಾ ಹೊತ್ತು ನಿಂತಿತು, ಅವಳು ಸರಿಸಲಿಲ್ಲ. ಕೈಯೆತ್ತಿದ ಮೇಲೆ ಭಾವನಿಗೆ ಎಲ್ಲಿ ನಿಲ್ಲಿಸಬೇಕೆಂದು ತೋಚದೆ, ಆ ಮಬ್ಬಿನಲ್ಲಿ ಮುಂದೆ ಕೂತಿದ್ದ ಒಬ್ಬ ಮುದುಕಿಯ ತಲೆಯನ್ನೂ ಮುಟ್ಟಿಬಿಟ್ಟರು.

"ಯಾರಯ್ಯ ನೀನು? ನನ್ನ ತಲೆ ಯಾಕೆ ಮುಟ್ತೀಯ?"

"ತಪ್ಪಾಯ್ತಮ್ಮ. ನಮ್ಮನೆಯೋರನ್ನ ಎಣಿಸ್ತಾ ಇದ್ದೆ."

ಮುದುಕಿ ಮುಖವೆತ್ತಿ ನೋಡಿದಳು. ಸೆರಗು ಸರಿಮಾಡಿಕೊಂಡಳು.

"ಎಣಿಸ್ಕೊ ಬಿಡಪ್ಪ. ನನ್ನನ್ನ ನಮ್ಮೋರು ಇನ್ನೂ ಯಾರೂ ಎಣಿಸಿಲ್ಲ."